ಚರಕದವ್ವನ ಬೆರಳು

ಅವಳ ಹತ್ತು ಬೆರಳ ತುದಿಯಲ್ಲೂ ಗೆರೆ ಇರಲಿಲ್ಲ. ದಿನವಿಡೀ ಕುದಿನೀರಿನಲ್ಲಿ ಅದ್ದಿ ಅದ್ದಿ ಚರ್ಮ ಬೆಳ್ಳಗೆ ಉಬ್ಬಿ, ಸುಲಿದು, ಮತ್ತೆ ಬೆಳೆದು, ಮತ್ತೆ ಸುಲಿದು, ಕೊನೆಗೆ ಸಿಪ್ಪೆ ತೆಗೆದ ಬೆಳ್ಳುಳ್ಳಿಯ ಹಾಗೆ ನುಣ್ಣಗಾಗಿಬಿಟ್ಟಿದ್ದವು. ನಾನು ಮದುವೆಯಾಗಿ ಚಾಮರಾಜನಗರದ ಆ ಬೀದಿಗೆ ಕಾಲಿಟ್ಟ ದಿನ ನನ್ನ ಗಲ್ಲ ಹಿಡಿದು ಮುಖ ಎತ್ತಿ ನೋಡಿದವಳು ಅವಳೇ. ಬೆರಳು ಬಿಸಿಯಾಗಿತ್ತು. ಬೆಂದ ಹುಳದ ನಾತ ಬಂತು. ನಾನು ಮುಖ ಕಿವುಚಿದೆ.

"ನಾತಕ್ಕೆ ಎಲ್ಡ್ ದಿನ ಕಣಮ್ಮಿ. ಆಮೇಲೆ ಮೂಗೇ ಸುಮ್ಕಾಯ್ತದೆ" ಎಂದಳು.

ಬೀದಿಯವರು ಅವಳನ್ನು ಚರಕದವ್ವ ಎನ್ನುತ್ತಿದ್ದರು. ಹೆಸರು ಬೇರೆ ಇತ್ತು, ಅದು ಇಲ್ಲಿ ಬೇಡ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅವಳ ಹಿತ್ತಿಲಲ್ಲಿ ತೆಂಗಿನ ಗರಿಯ ಚಪ್ಪರ, ಅದರ ಕೆಳಗೆ ರೇಷ್ಮೆ ನೂಲು ತೆಗೆಯುವ ಚರಕ. ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಕುದಿನೀರು, ನೀರಿನಲ್ಲಿ ತೇಲುವ ರೇಷ್ಮೆ ಗೂಡು. ಅವಳು ಬಾಣಲೆಯ ಮುಂದೆ ಕೂತು ಆರೆಂಟು ಗೂಡುಗಳ ಎಳೆ ಹೆಕ್ಕಿ ಒಂದು ಮಾಡಿ ಬಿಡುತ್ತಾಳೆ. ಒಂದು ಮಾರು ಆಚೆ ಅವಳ ಗಂಡ ಕೂತು ಚಕ್ರ ತಿರುಗಿಸುತ್ತಾನೆ, ನೂಲು ಸುತ್ತಿಕೊಳ್ಳುತ್ತದೆ. ಎಳೆ ಕಡಿದರೆ ಅವಳು ಕೂಗಬೇಕು, ಅವನು ನಿಲ್ಲಿಸಬೇಕು. ತಿರುಗಿಸುವವನು ಚಕ್ರ ನೋಡುವ ಹಾಗಿಲ್ಲ, ಅವಳ ಕೈ ನೋಡುತ್ತಿರಬೇಕು. ಆ ಕೆಲಸದ ಕಟ್ಟಳೆಯೇ ಅದು.

ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಗೋಡೆಯಾಚೆ ಜಗಳ.

"ನಿಲ್ಸು. ನಿಲ್ಸು ಅಂದ್ರೆ. ಕಣ್ಣ ಎಲ್ಲಿ ಅಡ ಇಟ್ಟಿದ್ದೀಯೆ?"

"ನಿನ್ ಕೈಯೇ ನೋಡ್ತಾವ್ನಿ. ನೀನೇ ಎಳೆ ಬುಟ್ಬುಟ್ಟು ನನ್ನ ಬಯ್ತೀಯಲ್ಲ."

ಅತ್ತೆ ಕಿಟಕಿ ಮುಚ್ಚುತ್ತಿದ್ದರು. ಮೂರು ಹೊತ್ತೂ ಕಚ್ಚಾಡುವ ಜನ, ಅವರ ಕಡೆ ಕಿವಿ ಕೊಡಬೇಡ ಎಂದು ನನಗೆ ಬುದ್ಧಿ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ. ಅದು ದೊಡ್ಡಸ್ತಿಕೆ ಎಂದು ನಾನೂ ನಂಬಿದ್ದೆ.

ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿದ್ದ ಕಾಲ. ಹಿರಿಯರಿರುವ ಮನೆಯಲ್ಲಿ ಹೊಸ ಸೊಸೆ ಗಂಡನ ಜೊತೆ ಹಗಲಲ್ಲಿ ಮಾತಾಡಬಾರದು. ಅವರಿಗೆ ನೀರು ಬೇಕಾದರೆ ತಾಯಿಯನ್ನು ಕೇಳುತ್ತಿದ್ದರು, ತಾಯಿ ನನಗೆ ಹೇಳುತ್ತಿದ್ದರು. ಹೆಂಡತಿಯ ಹತ್ತಿರ ನಿಂತು ಎರಡು ಮಾತಾಡಿದ ಗಂಡಸನ್ನು ಅಣ್ಣಂದಿರೇ ಆಡಿಕೊಂಡು ನಗುತ್ತಿದ್ದರು. ರಾತ್ರಿಯ ವಿಷಯ ಇಲ್ಲಿ ಬೇಡ. ಅಲ್ಲೂ ಮಾತಿರಲಿಲ್ಲ. ಹೀಗೆ ಒಂದೂವರೆ ವರ್ಷ.

ಮಾತಿಲ್ಲದ ಕಡೆ ಮನಸ್ಸು ತಾನೇ ಮಾತು ಕಟ್ಟುತ್ತದೆ. ನಾನು ತಟ್ಟೆ ಇಟ್ಟಾಗ ಅವರು ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದರು. ನನ್ನ ಮುಖ ನೋಡಲು ಇಷ್ಟವಿಲ್ಲ ಎಂದುಕೊಂಡೆ. ನನ್ನ ಮುಂದಿನ ಹಲ್ಲು ಉಬ್ಬು, ಅದಕ್ಕೇ ಇರಬೇಕು ಎಂದುಕೊಂಡೆ. ನನ್ನಕ್ಕನನ್ನು ಗುಂಡ್ಲುಪೇಟೆಗೆ ಕೊಟ್ಟಿತ್ತು. ಭಾವ ಸಂತೆಯ ದಿನ ಮಲ್ಲಿಗೆ ತರುತ್ತಾನೆ ಎಂದು ಅವಳು ಹೇಳಿಕೊಂಡು ತಿರುಗುತ್ತಿದ್ದಳು. ನಾನು ಮುದ್ದೆ ತಿರುವುವಾಗ, ಸಗಣಿ ಬಾಚುವಾಗ, ಅವಳ ಗಂಡನನ್ನೂ ನನ್ನ ಗಂಡನನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡುತ್ತಿದ್ದೆ. ನನ್ನ ಗಂಡ ಯಾವತ್ತೂ ಸೋಲುತ್ತಿದ್ದರು. ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹಿತ್ತಿಲಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಪಡುವಲ ಕಡೆ ಒಂದು ನೀಲಿ ಗೀಟು ಕಾಣುತ್ತಿತ್ತು. ನನ್ನ ತೌರೂರು ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ. ಅದು ನಮ್ಮ ಬೆಟ್ಟವೇ ಎಂದು ನೋಡುತ್ತ ನಿಲ್ಲುತ್ತಿದ್ದೆ. ಬೇರೆ ಯಾವುದೋ ಬೆಟ್ಟ ಅದು, ಆಮೇಲೆ ತಿಳಿಯಿತು.

ಹಾಗೆ ನಿಂತಾಗಲೇ ಗೋಡೆಯ ಬಿರುಕಿನಲ್ಲಿ ಒಂದು ದಿನ ಅದನ್ನು ಕಂಡೆ. ಮಧ್ಯಾಹ್ನ ಚರಕ ನಿಂತಿತ್ತು. ಚರಕದವ್ವ ಎರಡು ಕೈಯನ್ನೂ ಮುಂದೆ ಚಾಚಿ ಕೂತಿದ್ದಳು. ಅವಳ ಗಂಡ ಒಂದೊಂದೇ ಬೆರಳು ಹಿಡಿದು ಹರಳೆಣ್ಣೆ ತಿಕ್ಕುತ್ತಿದ್ದ. ಬೈಗುಳ ಮಾತ್ರ ನಿಂತಿರಲಿಲ್ಲ. ಎಣ್ಣೆ ಹಚ್ಚೋದಕ್ಕೂ ಬರಲ್ಲ ಎಂದು ಅವಳು, ಕೈ ಅಲ್ಲಾಡಿಸದೆ ಕೂರೋದಕ್ಕೂ ಬರಲ್ಲ ಎಂದು ಅವನು. ದಿನವೂ ಹೀಗೇ ಎಂದು ಬಿರುಕಿನ ಮುಂದೆ ನಿಂತು ನಿಂತು ಗೊತ್ತಾಯಿತು. ಅಕ್ಕನ ಮಲ್ಲಿಗೆಗಿಂತ ಈ ಎಣ್ಣೆ ನನ್ನನ್ನು ಹೆಚ್ಚು ಉರಿಸಿತು.

ತೌರಿಗೆ ಹೋದಾಗ ಅಣ್ಣನಿಗೆ ಹೇಳಿಬಿಟ್ಟೆ, ನಾನು ಅಲ್ಲಿ ಬಾಳುವುದಿಲ್ಲ ಎಂದು. ನಮ್ಮವರಲ್ಲಿ ಕುಲದ ಯಜಮಾನರ ಮುಂದೆ ತಾಳಿ ಹಿಂದಕ್ಕೆ ಕೊಟ್ಟರೆ ಬಿಡುಗಡೆ. ಹೆಣ್ಣಿಗೆ ಕೂಡಿಕೆ ಎಂದು ಇನ್ನೊಂದು ಮದುವೆಯೂ ಉಂಟು. ಅಣ್ಣ ಯೋಚನೆ ಮಾಡಿ, ಈಗ ಹೋಗಿರು, ಬರುವ ಸೋಮವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದ.

ವಾಪಸ್ಸು ಬಂದವಳು ಬಟ್ಟೆ ಗಂಟು ಕಟ್ಟಿದೆ, ಬಿಚ್ಚಿದೆ, ಕಟ್ಟಿದೆ. ಪಾತ್ರೆ ತೊಳೆಯುವಾಗ ಕುಕ್ಕುತ್ತಿದ್ದೆ. ಗೋಡೆಯ ಮೇಲೆ ಚರಕದವ್ವನ ತಲೆ ಕಂಡಿತು.

"ಯಾರ್ ಮ್ಯಾಲಿನ ಸಿಟ್ಟಮ್ಮಿ? ಆ ಪಾತ್ರೆ ಏನ್ ಮಾಡ್ತು?"

ಹೇಳಿದೆ. ಸೋಮವಾರದ ವಿಷಯವನ್ನೂ ಹೇಳಿದೆ. ಅವಳು ಅಯ್ಯೋ ಅನ್ನಲಿಲ್ಲ, ಹೊಂದಿಕೊಂಡು ಹೋಗು ಎಂದೂ ಅನ್ನಲಿಲ್ಲ. ಮಾತು ಕೇಳುವಾಗಲೂ ಅವಳ ಹೆಬ್ಬೆರಳು ತೋರುಬೆರಳು ಒಂದನ್ನೊಂದು ಉಜ್ಜುತ್ತಿದ್ದವು, ಇಲ್ಲದ ಎಳೆಯನ್ನು ಹೊಸೆದ ಹಾಗೆ.

"ಕೇಳ್ದ್ಯಾ ಅವನ್ನ?"

"ಏನಂತ ಕೇಳ್ನಿ?"

"ನಾನ್ ಕಂಡ್ರೆ ಆಗಲ್ವಾ ಅಂತ."

ಅವರು ನನ್ನ ಹತ್ತಿರ ಮಾತೇ ಆಡುವುದಿಲ್ಲ ಎಂದೆ. ನೀನು ಆಡಿದ್ದೀಯಾ ಎಂದಳು. ನಾನು ಅಕ್ಕನ ಮಲ್ಲಿಗೆಯ ಮಾತು ತೆಗೆದೆ. "ಹೂ ತಂದದ್ದ ಕಂಡೆ. ಕೊಡುವಾಗ ಏನಂದ ಅನ್ನೋದ ಕಂಡ್ಯಾ?" ಎಂದಳು.

ಆಗ ತನ್ನ ಕಥೆ ಹೇಳಿದಳು. ಈ ಗಂಡ ಅವಳಿಗೆ ಎರಡನೆಯವನು. ಮೊದಲು ಕೊಟ್ಟದ್ದು ಚಂದಕವಾಡಿ ಕಡೆಯ ದೊಡ್ಡ ಮನೆಗೆ. ಆ ಗಂಡ ಹೊಡೆಯಲಿಲ್ಲ, ಬಯ್ಯಲಿಲ್ಲ, ಕುಡಿಯಲಿಲ್ಲ. ಮೂರು ವರ್ಷ ಅವಳು ಆ ಮನೆಯಲ್ಲಿ ಒಂದು ಕಂಬದ ಹಾಗೆ ಇದ್ದಳಂತೆ. ಒಂದು ದಿನ ಹೊಲದ ಬದುವಿನಲ್ಲಿ ಅಡ್ಡ ನಿಂತು, ನನ್ನ ಕಂಡರೆ ನಿನಗೇನು ಎಂದು ಕೇಳಿದಳಂತೆ. ಅವನು ಯೋಚನೆ ಮಾಡಿ, ಏನೂ ಇಲ್ಲ ಎಂದನಂತೆ. ಸಿಟ್ಟಿನಿಂದಲ್ಲ, ನಿಜ ಹೇಳಿದ. ಅವತ್ತೇ ಹೊರಟು ಬಂದಳು.

"ಕೇಳ್ಬುಟ್ ಬಂದೆ ಕಣಮ್ಮಿ. ಕೇಳ್ದೆ ಬಂದಿದ್ರೆ ಇವತ್ಗೂ ಆ ದಾರಿ ಕಡೆ ತಿರುಗ್ ತಿರುಗಿ ನೋಡ್ತಿದ್ದೆ. ಓಗೋದಾದ್ರೆ ಓಗು. ಕೇಳ್ಬುಟ್ ಓಗು."

ಕೇಳುವುದೆಲ್ಲಿ? ಆ ಮನೆಯಲ್ಲಿ ಕೆಮ್ಮಿದರೂ ಮೂರು ಜನಕ್ಕೆ ಕೇಳಿಸುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ನಮ್ಮ ಬಾಗಿಲಿಗೆ ಬಂದಳು. ಗಂಡನಿಗೆ ಜ್ವರ, ಮೇಲೆ ಏಳಲಾರ ಎಂದಳು. ಗೂಡು ನಮ್ಮ ಮನೆಯದೇ, ನಾವೇ ಹುಳ ಸಾಕಿ ಕೊಟ್ಟದ್ದು. ಮೂರು ದಿನದಿಂದ ಮೋಡ, ಒಣಗಿಸಲು ಬಿಸಿಲಿಲ್ಲ. ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆ ಗೂಡಿನಿಂದ ನೂಲು ಬರುವುದಿಲ್ಲ. ನಿಮ್ಮ ಕಿರಿಯ ಮಗನನ್ನು ಚಕ್ರ ತಿರುಗಿಸಲು ಕಳಿಸಿ, ಅವನ ಹೆಂಡತಿ ನನಗೆ ಕೈ ನೆರವಾಗಲಿ ಎಂದಳು. ಅತ್ತೆಗೆ ಇಷ್ಟವಿರಲಿಲ್ಲ. ಆದರೆ ನಮ್ಮ ಮನೆಯ ಗೂಡು ಕೆಟ್ಟಿತು ಎಂದು ಬೀದಿ ಆಡಿಕೊಳ್ಳುವುದು ಅದಕ್ಕಿಂತಲೂ ಇಷ್ಟವಿರಲಿಲ್ಲ. ಕಳಿಸಿದರು.

ಸ್ವಲ್ಪ ಹೊತ್ತು ನನಗೆ ಎಳೆ ಹೆಕ್ಕುವುದು ತೋರಿಸಿದಳು. ಆಮೇಲೆ, ಕಾಯಿಲೆಯವನಿಗೆ ಗಂಜಿ ಕೊಟ್ಟು ಬರುತ್ತೇನೆ ಎಂದು ಎದ್ದು ಹೋದಳು. ಬಾಣಲೆಯ ಮುಂದೆ ನಾನು, ಚಕ್ರದ ಹತ್ತಿರ ನನ್ನ ಗಂಡ. ಮೊದಲ ಎಳೆ ಕಡಿಯಿತು. ನಾನು ಕೂಗಲಿಲ್ಲ. ಗಂಡನಿಗೆ ನಿಲ್ಲಿಸು ಎಂದು ಯಾವ ಬಾಯಿಂದ ಹೇಳುವುದು? ಅವರು ತಲೆ ತಗ್ಗಿಸಿಕೊಂಡು ಚಕ್ರ ನೋಡುತ್ತ ತಿರುಗಿಸುತ್ತಲೇ ಇದ್ದರು. ನೂಲು ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಪೂರ್ತಿ ಹೋಯಿತು. ಚಪ್ಪರದ ಆಚೆಯಿಂದ ಚರಕದವ್ವನ ದನಿ ಬಂತು.

"ಬಾಯೇನು ಬಾಡಿಗೇಗ್ ಕೊಟ್ಟಿದ್ದೀಯಾ? ನಿಲ್ಸು ಅನ್ನು. ಏ ಮಗ, ನೀನು ಅವಳ ಕೈ ನೋಡ್ಲಾ, ಚಕ್ರ ಎಲ್ಲೂ ಓಡೋಗಲ್ಲ."

"ನಿಲ್ಸಿ" ಎಂದೆ. ಅವರು ನಿಲ್ಲಿಸಿದರು. ಹಗಲ ಬೆಳಕಿನಲ್ಲಿ ನಾನು ನನ್ನ ಗಂಡನಿಗೆ ಆಡಿದ ಮೊದಲ ಮಾತು ಅದು.

ಎರಡನೇ ಸಲ ಸುಲಭವಾಯಿತು. ಹತ್ತನೇ ಸಲಕ್ಕೆ ನನಗೆ ಸಿಟ್ಟು ಬಂದಿತ್ತು, ಬೆರಳು ಬೇರೆ ಸುಡುತ್ತಿತ್ತು. ನಿಧಾನಕ್ಕೆ ತಿರುಗಿಸಲು ಎಷ್ಟು ಸಲ ಹೇಳಬೇಕು ಎಂದು ಗದರಿಬಿಟ್ಟೆ. ಅವರು ಬೆಚ್ಚಿ, "ಸುಡ್ತಾ ಅದಾ?" ಎಂದರು. ಅಷ್ಟು ಹೊತ್ತೂ ನನ್ನ ಕೈಯನ್ನೇ ನೋಡುತ್ತಿದ್ದರು.

ಚಕ್ರ ಗಡಗಡ ಅನ್ನುತ್ತಿತ್ತು. ಯಾರಿಗೂ ಏನೂ ಕೇಳಿಸುವ ಹಾಗಿರಲಿಲ್ಲ. ನಾನು ಬಾಣಲೆಯ ನೀರು ನೋಡುತ್ತ ಕೇಳಿದೆ.

"ನಾನ್ ಕಂಡ್ರೆ ಆಗಲ್ವಾ ನಿಮ್ಗೆ?"

ಚಕ್ರ ನಿಧಾನವಾಯಿತು. ನಿಲ್ಲಲಿಲ್ಲ.

"ಗೊತ್ತಿಲ್ಲ ಕಣಮ್ಮಿ. ನಿನ್ನ ಸರ್ಯಾಗ್ ನೋಡೇ ಇಲ್ಲ. ಇವತ್ತೇ ಕೈ ನೋಡಿದ್ದು."

ಏನೂ ಇಲ್ಲ ಎಂದಿದ್ದರೆ ಎದ್ದು ಹೋಗುತ್ತಿದ್ದೆ. ಇಷ್ಟ ಎಂದಿದ್ದರೆ ಸುಳ್ಳು ಎಂದುಕೊಳ್ಳುತ್ತಿದ್ದೆ. ಇದಕ್ಕೆ ಏನು ಮಾಡುವುದು? ಒಂದೂವರೆ ವರ್ಷದ್ದೆಲ್ಲ ಬಾಯಿಗೆ ಬಂತು. ಗೋಡೆ ಕಡೆ ತಿರುಗಿ ಉಣ್ಣುವುದೇಕೆ, ನಾನೇನು ದೆವ್ವವೇ ಎಂದು ಕೇಳಿದೆ. ಅವರು ಬಾಯಿ ಬಿಟ್ಟುಕೊಂಡು ನೋಡಿದರು. "ನನ್ನ ಜಾಗವೇ ಗೋಡೆ ಪಕ್ಕ. ಸಾಲಲ್ಲಿ ನಾನೇ ಕೊನೇಯವ. ಹುಟ್ದಾಗಿಂದ ಅಲ್ಲೇ ಉಣ್ತಾವ್ನಿ" ಎಂದರು. ಆಮೇಲೆ ಅವರೂ ಕೇಳಿದರು, ನೀನು ಮಾತ್ರ ಹಿತ್ತಿಲಲ್ಲಿ ನಿಂತು ಏನು ನೋಡುತ್ತೀಯೆ, ನಮ್ಮ ಮನೆ ಬಿಟ್ಟು ಬೇರೆ ಎಲ್ಲ ಕಡೆ ನೋಡುತ್ತೀಯಲ್ಲ ಎಂದು. ಜಗಳವಾಯಿತು. ಎಷ್ಟು ಎಳೆ ಕಡಿಯಿತೋ ಲೆಕ್ಕವಿಲ್ಲ. ಮಧ್ಯಾಹ್ನ ಅವರೇ ಗೋಡೆಯ ಗೂಡಿನಲ್ಲಿದ್ದ ಹರಳೆಣ್ಣೆ ಸೀಸೆ ತಂದು ನನ್ನ ಕೈಗೆ ಸುರಿದರು, ತಲೆಗೆ ಹಚ್ಚಿಕೊಳ್ಳುವಷ್ಟು. ಎಣ್ಣೆ ತೊಳೆಯಲು ಚಪ್ಪರದ ಹಿಂದಕ್ಕೆ ಹೋದೆ. ಜ್ವರದವನು ಅಲ್ಲಿ ಕಲ್ಲಿನ ಮೇಲೆ ಕೂತು ಹುರಿದ ಕಡಲೆಕಾಯಿ ತಿನ್ನುತ್ತಿದ್ದ. ನನ್ನ ಕಂಡು ಟವಲು ಎಳೆದು ಹೊದ್ದುಕೊಂಡ.

ಇದರಿಂದ ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ. ಭಾನುವಾರವೂ ಗಂಟು ಕಟ್ಟಿಯೇ ಇತ್ತು.

ಸೋಮವಾರ ಗುಂಡ್ಲುಪೇಟೆ ಬಸ್ಸಿನಲ್ಲಿ ಅಣ್ಣ ಬಂದ. ಜಗಲಿಯ ಮೇಲೆ ಮಾವ, ಭಾವಂದಿರು, ಬಾಗಿಲಲ್ಲಿ ಅತ್ತೆ. ನಾನು ನೀರು ತಂದು ಕೊಟ್ಟೆ. ಅಣ್ಣನ ಕಣ್ಣು ನನ್ನ ಬೆರಳಿಗೆ ಸುತ್ತಿದ ಬಟ್ಟೆಯ ಮೇಲೆ ಬಿತ್ತು. ಬಟ್ಟೆ ಬಿಚ್ಚಿಸಿದ. ಬೊಬ್ಬೆ ಎದ್ದಿತ್ತು.

"ಸುಟ್ಟವ್ರಾ ನಿನ್ನ?" ಎಂದು ಎದ್ದು ನಿಂತ.

ಅತ್ತೆಯ ಮುಖ ಬಿಳಚಿಕೊಂಡಿತು. ನಾನು ಬಾಯಿ ತೆರೆಯುವುದರೊಳಗೆ ನನ್ನ ಗಂಡ ಕಂಬದ ಹಿಂದಿನಿಂದ ಮುಂದಕ್ಕೆ ಬಂದರು.

"ಚರಕದಲ್ಲಿ ಸುಟ್ಕೊಂಡದ್ದು. ನಾನೇ ಎಣ್ಣೆ ಹಚ್ಚಿವ್ನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಅಪ್ಪ, ಅವ್ವ, ಅಣ್ಣಂದಿರು ಎಲ್ಲರ ಮುಂದೆ, "ಇನ್ನೂ ಉರೀತದಾ?" ಎಂದರು.

ದೊಡ್ಡ ಭಾವ ನಕ್ಕರು. ಇವರ ಕಿವಿ ಕೆಂಪಾಯಿತು, ಆದರೆ ಹಿಂದಕ್ಕೆ ಹೋಗಲಿಲ್ಲ. ನಿಂತೇ ಇದ್ದರು.

ಅಣ್ಣನಿಗೆ ಹೇಳಿದೆ, ಗೂಡು ಇನ್ನೂ ಇದೆ, ಈ ಬೆಳೆ ಮುಗಿಯಲಿ, ಆಮೇಲೆ ಬಾ ಎಂದು. ಅಣ್ಣ ಬೈದುಕೊಂಡು ಬಸ್ಸು ಹತ್ತಿದ. ಬೆಳೆ ಮುಗಿಯಿತು, ಇನ್ನೊಂದು ಬಂತು. ಪ್ರತಿ ಬೆಳೆಗೂ ನಾನು ಹಾಗೇ ಅಂದುಕೊಂಡೆ. ನಲವತ್ತು ವರ್ಷ ಕಳೆಯಿತು. ನಮ್ಮದು ಭಾರಿ ಸುಖದ ಸಂಸಾರವೇನಲ್ಲ. ಕೂಗಾಡಿದ್ದೇವೆ, ತಿಂಗಳುಗಟ್ಟಲೆ ಮುನಿಸಿಕೊಂಡಿದ್ದೇವೆ. ನನ್ನ ಕಾಲು ಈಗಲೂ ಒಂದು ಕಡೆ ನಿಲ್ಲುವುದಿಲ್ಲ. ಆದರೆ ಊಹೆ ಮಾಡಿಕೊಂಡು ಒಳಗೊಳಗೇ ಬೇಯಲಿಲ್ಲ. ತಲೆ ನರೆತ ಮೇಲೆ ಒಂದು ಸಲ, ಅವತ್ತಿನ ನನ್ನ ಮಾತಿಗೆ ಉತ್ತರ ಕೊಡಲೇ ಇಲ್ಲವಲ್ಲ ಎಂದೆ. "ಇನ್ನೂ ನೋಡ್ತಾವ್ನಿ, ಇರು" ಎಂದರು. ಅವರು ಹೋದದ್ದು ಹಾಗೆ ನೋಡುತ್ತಲೇ.

ಚರಕದವ್ವನ ಗಂಡ ಅದಕ್ಕಿಂತ ಬಹಳ ಮುಂಚೆ, ಇದಾದ ಐದಾರು ವರ್ಷದಲ್ಲೇ ಹೋದ. ಈ ಸಲ ಜ್ವರ ನಿಜವಾಗಿತ್ತು. ಆಳು ಇಟ್ಟುಕೊಂಡು ಚರಕ ನಡೆಸು ಎಂದು ನಾವೆಲ್ಲ ಹೇಳಿದೆವು. ಎರಡು ದಿನ ನಡೆಸಿ ನಿಲ್ಲಿಸಿಬಿಟ್ಟಳು. ಆಳು ಬೇಗ ಕಲಿಯುವವನು, ಹೇಳುವುದಕ್ಕೆ ಮುಂಚೆಯೇ ನಿಲ್ಲಿಸುತ್ತಿದ್ದ. ಅವನನ್ನು ಬಯ್ಯಲು ಏನೂ ಸಿಗುವುದಿಲ್ಲ ಎಂದಳು. ಆ ಚಪ್ಪರದ ಕೆಳಗೆ ಕೋಳಿ ಸಾಕಿಕೊಂಡಳು.

ಒಂದು ವರ್ಷದ ಮೇಲೆ ನಾನು ಮುದ್ದೆ ಸಾರು ತೆಗೆದುಕೊಂಡು ಹೋಗಿದ್ದೆ. ಜಗಲಿಯಲ್ಲಿ ಕೂತು ತನ್ನ ಬೆರಳನ್ನು ಬಿಸಿಲಿಗೆ ಹಿಡಿದು ನೋಡಿಕೊಳ್ಳುತ್ತಿದ್ದಳು. ನನ್ನನ್ನು ಕರೆದು ಕೈ ಚಾಚಿದಳು. ಬಿಸಿನೀರು ಬಿಟ್ಟು ವರ್ಷವಾಗಿತ್ತಲ್ಲ, ಬೆರಳ ತುದಿಗಳಲ್ಲಿ ಸಣ್ಣ ಸಣ್ಣ ಗೆರೆ ಮೂಡಿದ್ದವು, ಎಲ್ಲರ ಬೆರಳ ಹಾಗೆ.

"ನೋಡಮ್ಮಿ, ಗೆರೆ ಬಂದ್ಬುಟ್ಟವೆ" ಎಂದಳು. "ಯಾರ್ಗ್ ಬೇಕಾಗಿದ್ದೊ ಇವು."

ಅವಳು ಸತ್ತದ್ದು ಮುಂದಿನ ಮಳೆಗಾಲದಲ್ಲಿ. ಮೈ ತೊಳೆಸಿದವರಲ್ಲಿ ನಾನೂ ಒಬ್ಬಳು. ಮಿಕ್ಕವರು ಸೀಗೆಪುಡಿ ಕಲಸುತ್ತಿದ್ದಾಗ ನಾನು ಮನೆಯಿಂದ ಹರಳೆಣ್ಣೆ ತಂದು ಅವಳ ಹತ್ತು ಬೆರಳಿಗೂ ಹಚ್ಚಿದೆ. ಯಾಕೆ ಇದು ಎಂದು ಒಬ್ಬಳು ಕೇಳಿದಳು. ನಾನು ಸೀಸೆಯ ಬಾಯಿ ಮುಚ್ಚಿ, ನೀರು ಸುರಿಯಲು ಎದ್ದೆ.