ಮಣ್ಣು ಹುರಿದವಳು

ಡಾಟ್‌ಕಾಮ್ ಕಂಪನಿಗಳು ನಾಯಿಕೊಡೆಗಳಂತೆ ತಲೆಯೆತ್ತುತ್ತಿದ್ದ ಕಾಲ. ನಮ್ಮವರೆಲ್ಲ ಕಂಪ್ಯೂಟರಿನ ಹಿಂದೆ ಬಿದ್ದಿದ್ದಾಗ ನಾನು ಓಕ್ಲ್ಯಾಂಡಿನ ಹತ್ತಿರದ ಒಂದು ಲ್ಯಾಬಿನಲ್ಲಿ ಪಿಎಚ್‌ಡಿಗಾಗಿ ಮಣ್ಣು ಹುರಿಯುತ್ತಿದ್ದೆ. ಹುರಿಯುವುದು ಎಂಬ ಮಾತು ನನ್ನದಲ್ಲ, ಭಾವನದು. ಅವರು ನನ್ನ ಗಂಡನ ಅಣ್ಣ, ಸನ್ನಿವೇಲ್‌ನಲ್ಲಿ ಎಂಜಿನಿಯರು. ಭಾನುವಾರ ಅವರ ಮನೆಗೆ ಊಟಕ್ಕೆ ಹೋದಾಗಲೆಲ್ಲ ಅದೇ ರಾಗ: "ಏನಮ್ಮ, ಮಣ್ಣು ಹುರಿಯೋದು ಬಿಟ್ಟು ಜಾವಾ ಕಲ್ತ್ಕೊಬಾರ್ದಾ?" ಎಲ್ಲರೂ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೆಲಸ ಇಷ್ಟೇ. ಚಿಟಿಕೆ ಮಣ್ಣನ್ನು ಯಂತ್ರದೊಳಗಿನ ಪುಟ್ಟ ತಟ್ಟೆಗೆ ಹಾಕಿ, ನಿಧಾನವಾಗಿ ಕಾಯಿಸುತ್ತ, ತೂಕ ಹೇಗೆ ಇಳಿಯುತ್ತದೆಂದು ನೋಡುವುದು. ಈಚೆಗೆ ಬಿದ್ದ ಎಲೆ, ಹುಲ್ಲು ಕಡಿಮೆ ಶಾಖಕ್ಕೇ ಉರಿದುಹೋಗುತ್ತವೆ. ಕೊಳೆತು ಕೊಳೆತು ಮಣ್ಣಿನಲ್ಲಿ ಒಂದಾಗಿ ಹೋದದ್ದು ಅಷ್ಟಕ್ಕೆಲ್ಲ ಜಗ್ಗುವುದಿಲ್ಲ, ಅದಕ್ಕೆ ಜೋರು ಶಾಖವೇ ಬೇಕು. ಯಂತ್ರ ಬರೆದುಕೊಡುವ ಗೆರೆ ನೋಡಿದರೆ ಆ ಮಣ್ಣಿನಲ್ಲಿ ಕೊಳೆಯುವ ಕೆಲಸ ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಬೇಕು. ನನಗೆ ತಿಳಿಯುತ್ತಿರಲಿಲ್ಲ. ಒಂದೇ ಡಬ್ಬಿಯ ಮಣ್ಣನ್ನು ಮೂರು ಬೇರೆ ಬೇರೆ ದಿನ ಕಾಯಿಸಿದರೆ ಮೂರು ಗೆರೆಗಳು ಮೂರು ದಾರಿ ಹಿಡಿಯುತ್ತಿದ್ದವು.

ನನ್ನ ಪ್ರೊಫೆಸರ್ ಒಳ್ಳೆಯ ಹೆಂಗಸು, ಆದರೆ ಮುಲಾಜಿಲ್ಲದವರು. ಮುಂದಿನ ವಾರ ಮುಗಿಯುವುದರೊಳಗೆ ಮೂರೂ ಗೆರೆ ಒಂದಕ್ಕೊಂದು ಹೊಂದದಿದ್ದರೆ ಯಂತ್ರ ಬೇರೆಯವರಿಗೆ ಹೋಗುತ್ತದೆ, ನೀನು ಬೇರೆ ವಿಷಯ ಹುಡುಕಿಕೋ ಎಂದುಬಿಟ್ಟರು. ನನ್ನ ಎರಡು ವರ್ಷದ ದುಡಿಮೆ! ಭಾವನ ನಗುಮುಖ ಕಣ್ಣ ಮುಂದೆ ಬಂತು. ಸತ್ತರೂ ಬಿಡುವುದಿಲ್ಲ ಅಂದುಕೊಂಡೆ. ಯಂತ್ರವನ್ನು ಬೈದೆ, ಒರೆಸಿದೆ, ಅದರ ತಕ್ಕಡಿಯನ್ನು ಮತ್ತೆ ಮತ್ತೆ ಪರೀಕ್ಷಿಸಿದೆ. ಗೆರೆಗಳು ಜಪ್ಪಯ್ಯ ಅಂದರೂ ಸೇರಲಿಲ್ಲ.

ಆ ಭಾನುವಾರ ಓರಗಿತ್ತಿ ಕರಿದ ಸಂಡಿಗೆ ಕಟ್ಟಿಕೊಟ್ಟಿದ್ದರು. ಸನ್ನಿವೇಲ್‌ನ ಬಿಸಿಲಿನಲ್ಲಿ ಒಣಗಿಸಿದ್ದು, ಗರಿಗರಿಯಾಗಿತ್ತು. ಮನೆಗೆ ಬಂದು ಮುಚ್ಚದೆ ಕಿಟಕಿಯ ಪಕ್ಕ ಇಟ್ಟಿದ್ದೆ. ಬೆಳಿಗ್ಗೆ ನನ್ನ ಗಂಡ ಒಂದನ್ನು ಕಚ್ಚಿ ಮುಖ ಕಿವುಚಿದರು.

"ಮುಚ್ಚಿಡಬಾರ್ದಿತ್ತೇನೆ? ಮಂಜೆಲ್ಲ ಕುಡ್ಕೊಂಡು ಮೆತ್ತಗಾಗಿದೆ."

ಕಾಫಿ ಲೋಟ ಅಲ್ಲೇ ಇಟ್ಟೆ. ನಮ್ಮ ಲ್ಯಾಬಿನ ಕಿಟಕಿ ಕೊಲ್ಲಿಯ ಕಡೆಗಿತ್ತು, ಬೆಳಗಿನ ಮಂಜು ನೇರ ಒಳಗೆ ಬರುತ್ತಿತ್ತು. ಒಣಗಿದೆ ಎಂದು ನಂಬಿ ನಾನು ಡಬ್ಬಿಯಿಂದ ತೆಗೆದು ತಟ್ಟೆಯಲ್ಲಿ ತೆರೆದಿಟ್ಟ ಮಣ್ಣು ಮಂಜಿನ ದಿನ ನೀರು ಕುಡಿದು ಕೂರುತ್ತಿತ್ತು, ಬಿಸಿಲಿನ ದಿನ ಅದನ್ನು ಬಿಡುತ್ತಿತ್ತು. ಕಾಯಿಸಿದಾಗ ಮೊದಲು ಹೋಗುವುದೇ ನೀರು. ಅದು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಹೋದರೆ ಇಡೀ ಗೆರೆ ಜಾಗ ಬಿಡದೆ ಇನ್ನೇನು ಮಾಡೀತು? ಪಾಪ, ಯಂತ್ರವನ್ನು ಸುಮ್ಮನೆ ಬೈದಿದ್ದೆ.

ನೀರನ್ನು ಪೂರ್ತಿ ಓಡಿಸಿದರೆ ತಕ್ಕಡಿಗೆ ಹಾಕುವಷ್ಟರಲ್ಲಿ ಮಣ್ಣು ಮತ್ತೆ ಕುಡಿಯುತ್ತದೆ. ಅದರ ಬದಲು ಎಲ್ಲ ಮಣ್ಣೂ ಸಮನಾಗಿ ಕುಡಿಯಲಿ ಎಂದು ಹೊರಟೆ. ದೊಡ್ಡ ಗಾಜಿನ ಜಾಡಿಯ ತಳದಲ್ಲಿ, ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿದ ನೀರು. ಮೇಲೆ ಮಣ್ಣಿನ ತಟ್ಟೆಗಳು. ಬಿಗಿ ಮುಚ್ಚಳ. ಹೊರಗೆ ಮಂಜಿರಲಿ, ಬಿಸಿಲಿರಲಿ, ಆ ಉಪ್ಪುನೀರು ಜಾಡಿಯೊಳಗಿನ ತೇವವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಕೆಲವು ದಿನ ಹಾಗೇ ಬಿಟ್ಟು, ಒಂದೊಂದಾಗಿ ತೆಗೆದು ಕಾಯಿಸಿದೆ.

ವಾರ ಮುಗಿಯುವ ಹೊತ್ತಿಗೆ ಪ್ರೊಫೆಸರ್ ಕೈಗೆ ಹಾಳೆ ಕೊಟ್ಟೆ. ಅವರು ನೋಡಿ ಹುಬ್ಬು ಗಂಟಿಕ್ಕಿದರು.

"ಇಲ್ಲಿ ಒಂದೇ ಗೆರೆ ಇದೆ. ಇನ್ನೆರಡು ಎಲ್ಲಿ?"

"ಅದರ ಕೆಳಗೇ ಇವೆ," ಎಂದೆ.

ಕನ್ನಡಕ ತೆಗೆದು, ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಾಳೆಯನ್ನು ಯಂತ್ರದ ಮೇಲಿನ ಗೋಡೆಗೆ ಅಂಟಿಸಿ, ಈ ಯಂತ್ರವನ್ನು ಇನ್ನು ನಿನ್ನಿಂದ ಯಾರೂ ಕಿತ್ತುಕೊಳ್ಳುವುದಿಲ್ಲ ಎಂದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಭಾನುವಾರ ಊಟಕ್ಕೆ ಕೂತಾಗ ಭಾವ ಎಂದಿನಂತೆ ಶುರು ಮಾಡಿದರು: "ಏನಮ್ಮ, ಹುರಿದಾಯ್ತಾ ಮಣ್ಣು?"

"ಹದವಾಗಿ ಹುರಿದಾಯ್ತು ಭಾವ. ಯಂತ್ರ ನನಗೇ ಉಳೀತು," ಎಂದೆ. "ನಿಮಗೂ ಒಂದು ಮುಕ್ಕು ಬಡಿಸ್ಲಾ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಓರಗಿತ್ತಿ.