ಅಪ್ಪನಿಗೆ ಕೇಳಿಸದ ಬೆಲ್ಟಿನ ಕೂಗು

ನಮ್ಮ ಕಾರಿನ ಫ್ಯಾನ್ ಬೆಲ್ಟು ಕೂಗಲು ಶುರುಮಾಡಿದ್ದು ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ. ಆಗ ನಾನು ಮಧುಗಿರಿಯಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅಪ್ಪ ಅದೇ ಊರಿನಲ್ಲಿ ಡಾಕ್ಟರು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರೋಗಿಗಳನ್ನು ನೋಡುವ ಅವರ ಷಾಪು ಇತ್ತು. ಭಾನುವಾರಗಳಲ್ಲಿ ಕೊರಟಗೆರೆಗೂ, ಪಾವಗಡದ ಕಡೆಯ ಹಳ್ಳಿಗಳಿಗೂ ಹೋಗಿ, ಹಿಂದಿನಿಂದ ಔಷಧಿ ಕೊಡುತ್ತಿದ್ದ ಹಳೆಯ ಮನೆಗಳವರನ್ನು ನೋಡಿ ಬರುತ್ತಿದ್ದರು. ಎಡಮೊಣಕೈ ನೋವು ಹೆಚ್ಚಾಗಿ ಗೇರು ಹಾಕುವುದು ಕಷ್ಟವಾದಾಗ ನನಗೆ ಕಾರು ಕಲಿಸಿದರು. ಅಂದಿನಿಂದ ಭಾನುವಾರದ ಡ್ರೈವರು ನಾನೇ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನ ಒಳಗಿನಿಂದ ಕೀರಲು ದನಿ ಏಳುತ್ತಿತ್ತು. ಸ್ಲೇಟಿನ ಮೇಲೆ ಬಳಪ ಅಡ್ಡ ಹಿಡಿದು ಎಳೆದರೆ ಬರುತ್ತದಲ್ಲ, ಅಂಥ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿ. ದೀಪ ಹಾಕಿದರೆ ಇನ್ನೂ ಜಾಸ್ತಿ. ಬೀದಿಯ ನಾಯಿಗಳು ಎದ್ದು ಪಕ್ಕಕ್ಕೆ ಹೋಗುತ್ತಿದ್ದವು. "ನೀವು ವಾಪಸು ಬರುವಾಗ ದೊಡ್ಡ ಬೀದಿ ತಿರುಗೋ ಹೊತ್ತಿಗೇ ಕೇಳುತ್ತೆ, ನಾನು ಅನ್ನಕ್ಕೆ ಇಡಬಹುದು ಕಣೆ" ಎಂದು ಅಮ್ಮ ನಗುತ್ತಿದ್ದಳು.

ಅಪ್ಪ ಮಾತ್ರ ಪಕ್ಕದ ಸೀಟಿನಲ್ಲಿ ಆರಾಮವಾಗಿ ಕೂತಿರುತ್ತಿದ್ದರು.

"ಅಪ್ಪಾ, ಈ ಸದ್ದು ಒಂದಿಷ್ಟು ನೋಡಿಸಬೇಕು."

"ಎಂಜಿನ್ನು ಅಂದಮೇಲೆ ಸದ್ದು ಮಾಡದೆ ಇರುತ್ತಾ? ನಿನಗೆ ಎಲ್ಲದಕ್ಕೂ ಗಾಬರಿ."

ಊರಿನ ಮೆಕ್ಯಾನಿಕ್ಕು ಡೈನಮೋದ ಬೋಲ್ಟು ಸಡಿಲಿಸಿ, ಕಬ್ಬಿಣದ ಸಲಾಕೆಯಿಂದ ಅದನ್ನು ಆಚೆಗೆ ಮೀಟಿ ಬೆಲ್ಟನ್ನು ಬಿಗಿ ಮಾಡಿಕೊಟ್ಟ. ಮೂರು ದಿನ ಸುಮ್ಮನಿತ್ತು, ನಾಲ್ಕನೆಯ ದಿನ ಮತ್ತೆ ಶುರು. ಲಾರಿ ಡ್ರೈವರೊಬ್ಬ ಬಟ್ಟೆ ಸೋಪು ತಿಕ್ಕಲು ಹೇಳಿದ. ತಿಕ್ಕಿದೆ. ಸೀದ ಸೋಪಿನ ವಾಸನೆ ಬಂತೇ ಹೊರತು ಕೂಗು ಹೋಗಲಿಲ್ಲ. ಒಂದು ಚೊಂಬು ನೀರು ಚಿಮುಕಿಸಿದರೆ ಹತ್ತು ಉಸಿರು ಎಳೆಯುವಷ್ಟು ಹೊತ್ತು ಮೌನ, ಆಮೇಲೆ ಮೊದಲಿಗಿಂತ ಜೋರು. ನನಗೆ ಗೊತ್ತಿದ್ದದ್ದು ಅಷ್ಟೇ.

ಒಂದು ಸಲ ಯಾರನ್ನೋ ನೋಡಲು ಶಿರಾಕ್ಕೆ ಹೋಗಿದ್ದಾಗ, ಅಪ್ಪನನ್ನು ಒಪ್ಪಿಸಿ, ಕಡಲೆಕಾಯಿ ಮಂಡಿಗಳ ಹಿಂದಿದ್ದ ಗ್ಯಾರೇಜಿಗೆ ಕಾರು ತಿರುಗಿಸಿದೆ. ಅಲ್ಲಿದ್ದ ಸಾಬರಿಗೆ ಅರವತ್ತು ದಾಟಿತ್ತು. ನಾವು ಗೇಟಿನ ಒಳಗೆ ಬರುವ ಮೊದಲೇ ಎದ್ದು ನಿಂತಿದ್ದರು.

"ಮಸೀದಿ ತಿರುವಿನಿಂದ ಆವಾಜ್ ಕೇಳ್ತಾ ಐತೆ ಡಾಕ್ಟರ್ ಸಾಬ್. ಬೆಲ್ಟು ಸವೆದು ಗಾಜಿನ ತರ ನುಣ್ಣಗೆ ಆಗೈತೆ. ಪುಲ್ಲಿ ಹಿಡೀತಾ ಇಲ್ಲ, ಜಾರ್ತೈತೆ."

ಅವರು ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಡೈನಮೋದ ಮೇಲಿಟ್ಟು, ಹಿಡಿಯನ್ನು ಕಿವಿಗೆ ಆನಿಸಿ ಕೇಳಿದರು. ಆಮೇಲೆ ಅಪ್ಪನ ಕೈಗೆ ಕೊಟ್ಟರು. ಅಪ್ಪನಿಗೆ ಅದು ಇಷ್ಟವಾಯಿತು. ಸ್ಟೆತಾಸ್ಕೋಪ್ ಹಿಡಿದಾಗಿನ ಗಾಂಭೀರ್ಯದಿಂದಲೇ ಬಗ್ಗಿ ಕೇಳಿದರು.

"ಗೊರಗೊರ ಅಂತಿದೆ."

"ಅದು ಒಳಗಿನ ಬೇರಿಂಗು ಸಾಬ್. ಮೇಲಿಂದು ಹೇಳಿ. ಕೀಂ ಅಂತ ಕೂಗ್ತಾ ಐತಲ್ಲ, ಅದು."

"ಎಲ್ಲಿ? ನನಗೇನೂ ಇಲ್ಲವಲ್ಲ."

ಆ ಹೊತ್ತಿಗೆ ಗ್ಯಾರೇಜಿನ ತಗಡಿನ ಮಾಡು ಕೂಡ ಆ ದನಿಗೆ ಅದುರುತ್ತಿತ್ತು. ಸಾಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಎಂಜಿನ್ ಆರಿಸಿ, ಬೆಲ್ಟಿನ ಅಳತೆಯನ್ನು ಚೀಟಿಯಲ್ಲಿ ಬರೆದು ಅಪ್ಪನಿಗೆ ಕೊಟ್ಟರು. ಆ ಅಳತೆಯದು ತಮ್ಮಲ್ಲಿಲ್ಲ, ತುಮಕೂರಿನಿಂದ ತರಿಸಬೇಕು, ವಾರದೊಳಗೆ ಹಾಕಿಸಿದರೆ ಒಳ್ಳೆಯದು ಎಂದರು. ನಾನು ಡ್ರೈವರ್ ಸೀಟಿಗೆ ಬರುವಾಗ ಕಿಟಕಿಯ ಹತ್ತಿರ ಬಂದು ಮೆಲ್ಲಗೆ, "ಬೇಟಿ, ಅಬ್ಬಾ ಕಿವಿ ಯಾರಿಗಾದ್ರೂ ತೋರ್ಸಮ್ಮ" ಎಂದರು.

ನಾನು ತೋರಿಸಲಿಲ್ಲ. ಮೂವತ್ತು ವರ್ಷದಿಂದ ಡಾಕ್ಟರಾಗಿರುವವರಿಗೆ ಡಾಕ್ಟರ ಹತ್ತಿರ ಹೋಗಿ ಅನ್ನುವುದು ಹೇಗೆ? ನಾಲ್ಕೈದು ಸಲ ಬಾಯಿವರೆಗೆ ಬಂದದ್ದು ಹಾಗೇ ನಿಂತಿತು. ಚೀಟಿ ಅಪ್ಪನ ಜೇಬಿನಲ್ಲೇ ಉಳಿಯಿತು. ಕೇಳಿಸದ ಸದ್ದಿಗೆ ಅವರು ತುಮಕೂರಿನವರೆಗೆ ಯಾಕೆ ಹೋದಾರು? ನಾನೇ ಹೋಗಿ ತರಬಹುದಿತ್ತು. ಇವತ್ತು ನಾಳೆ ಎಂದುಕೊಂಡು ತಿಂಗಳು ಕಳೆಯಿತು.

ಒಂದು ಭಾನುವಾರ ಬೆಳಿಗ್ಗೆ, ಪಾವಗಡಕ್ಕೆ ಹೋಗುವ ದಾರಿಯ ಹಳ್ಳಿಯಿಂದ ಒಬ್ಬ ಕುರಿಗಾರ ಬಸ್ಸಿನಲ್ಲಿ ಬಂದು ನಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದ. ಅವನ ನಾಲ್ಕು ವರ್ಷದ ಮಗಳಿಗೆ ಉಸಿರಾಟದ ತೊಂದರೆ. ಅವನಿಗೇ ಚಿಕ್ಕಂದಿನಲ್ಲಿ ಔಷಧಿ ಕೊಟ್ಟವರು ಅಪ್ಪ. ಮೂವರೂ ಹೊರಟೆವು. ಮಿಡಿಗೇಶಿ ದಾಟುವವರೆಗೂ ಬೆಲ್ಟು ಬಾಯಿ ಮುಚ್ಚಲಿಲ್ಲ. ಹಿಂದಿನ ಸೀಟಿನಲ್ಲಿ ಕೂತಿದ್ದ ಕುರಿಗಾರ ಒಂದೆರಡು ಸಲ ಕಿವಿಗೆ ಕೈ ಅಡ್ಡ ಇಟ್ಟದ್ದು ಕನ್ನಡಿಯಲ್ಲಿ ಕಂಡಿತು.

ಮನೆಯ ಹಜಾರದಲ್ಲಿ ಮಗುವಿನ ಅಜ್ಜಿ ಅವಳನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡಿದ್ದಳು.

"ಎದೇಲಿ ಪಿಳ್ಳಂಗೋವಿ ಊದ್ದಂಗೆ ಆತೈತೆ ಸಾಮಿ. ನಮ್ ಬಿಡ್ಡ, ಈ ಕೂಸು, ಎರಡು ದಿನದಿಂದ ಒರಗ್ಲೇ ಇಲ್ಲ."

ಅಪ್ಪ ಸ್ಟೆತಾಸ್ಕೋಪ್ ಹಚ್ಚಿ ಎದೆ ಕೇಳಿದರು, ಬೆನ್ನು ಕೇಳಿದರು. "ಎದೆ ಕ್ಲೀನಾಗಿದೆ. ಬರೀ ಶೀತ. ಔಷಧಿ ಕೊಡ್ತೀನಿ" ಎಂದರು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ನಾಲ್ಕು ಮಾರು ದೂರ. ಅಲ್ಲಿಗೇ ಆ ಮಗು ಉಸಿರು ಬಿಡುವಾಗಿನ ಸಣ್ಣ ಶಿಳ್ಳೆ ಕೇಳಿಸುತ್ತಿತ್ತು. ಶಿರಾದ ಗ್ಯಾರೇಜಿನಲ್ಲಿ ನಡೆದದ್ದು ಏನು ಎಂದು ನನಗೆ ಪೂರ್ತಿ ಅರ್ಥವಾದದ್ದು ಆಗ. ಅಪ್ಪನಿಗೆ ಮಾತು ಕೇಳುತ್ತಿತ್ತು, ಕೀರಲು ದನಿಗಳಷ್ಟೇ ಕೇಳುತ್ತಿರಲಿಲ್ಲ.

"ಅಪ್ಪಾ, ಇನ್ನೊಂದು ಸಲ ನೋಡಿ."

ಅವರು ತಲೆಯೆತ್ತಿದಾಗ ಮುಖದಲ್ಲಿ ಸಿಟ್ಟಿತ್ತು. ಆಮೇಲೆ ಅಜ್ಜಿಯ ಮುಖ ನೋಡಿದರು, ಕುರಿಗಾರನ ಮುಖ ನೋಡಿದರು. ಮಗುವಿನ ಅಂಗಿ ಎತ್ತಿ ಪಕ್ಕೆಲುಬಿನ ಸಂದುಗಳು ಒಳಗೆ ಎಳೆದುಕೊಳ್ಳುವುದನ್ನು ಬಹಳ ಹೊತ್ತು ದಿಟ್ಟಿಸಿದರು.

"ನಿನಗೆ ಕೇಳಿಸ್ತಿದೆಯಾ?"

"ಹೂಂ."

"ಅಲ್ಲಿಗೇನೆ?"

"ಇಲ್ಲಿಗೇ ಕೇಳಿಸ್ತಿದೆ."

ನನ್ನನ್ನು ಹತ್ತಿರ ಕರೆದು, ತಮ್ಮ ಕಿವಿಯಿಂದ ಸ್ಟೆತಾಸ್ಕೋಪ್ ತೆಗೆದು ನನ್ನ ಕಿವಿಗೆ ಸಿಕ್ಕಿಸಿದರು. ಬಿಲ್ಲೆಯನ್ನು ಮಗುವಿನ ಬೆನ್ನಿಗೆ ಒತ್ತಿ ಹಿಡಿದರು. "ಉಸಿರು ತಗೊಳ್ಳುವಾಗಲೋ, ಬಿಡುವಾಗಲೋ?"

"ಬಿಡುವಾಗ."

"ಎರಡೂ ಕಡೆ?"

"ಎರಡೂ ಕಡೆ."

ಬ್ಯಾಗಿನಿಂದ ಸಿರಿಂಜು ತೆಗೆದು ಚುಚ್ಚುಮದ್ದು ಕೊಟ್ಟರು. ಇದು ಸಾಲದು, ಪಾವಗಡದ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ಏಳಿ ಎಂದರು.

ಮಗು ಮತ್ತು ಅಜ್ಜಿ ಹಿಂದೆ, ಅವರ ಪಕ್ಕ ಕುರಿಗಾರ. ಹಿಂದಿನ ಸೀಟಿನ ಶಿಳ್ಳೆಗೂ ಮುಂದಿನ ಬೆಲ್ಟಿಗೂ ನಡುವೆ ಕೂತು ನಾನು ಓಡಿಸುತ್ತಿದ್ದೆ. ಎರಡರಲ್ಲಿ ಯಾವುದನ್ನು ನಿಲ್ಲಿಸುವುದಕ್ಕೂ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ನಾಲ್ಕು ಮೈಲಿ ಹೋಗಿರಬಹುದು. ಒಂದು ಏರು ಹತ್ತುವಾಗ ಬಾನೆಟ್ಟಿನ ಕೆಳಗೆ ಪಟಾರ್ ಎಂದಿತು, ಕೂಗು ನಿಂತುಹೋಯಿತು. ಡೈನಮೋದ ಕೆಂಪು ದೀಪ ಹತ್ತಿಕೊಂಡಿತು.

"ಯಾಕೆ ನಿಲ್ಲಿಸಿದೆ?" ಎಂದರು ಅಪ್ಪ.

"ಬೆಲ್ಟು ಹರಿದುಹೋಯ್ತು ಅಪ್ಪಾ."

ಬಾನೆಟ್ ಎತ್ತಿದರೆ ಬೆಲ್ಟು ನಾಲ್ಕಾರು ಕಪ್ಪು ಎಳೆಗಳಾಗಿ ಫ್ಯಾನಿಗೆ ಸುತ್ತಿಕೊಂಡಿತ್ತು. ಫ್ಯಾನೂ ತಿರುಗದು, ನೀರಿನ ಪಂಪೂ ತಿರುಗದು. ಹಾಗೇ ಓಡಿಸಿದರೆ ಎಂಜಿನ್ ಬೆಂದುಹೋಗುತ್ತದೆ. ಕುರಿಗಾರ ತನ್ನ ತಲೆವಸ್ತ್ರ ಬಿಚ್ಚಿ, ಹುರಿ ಹೊಸೆದು, "ಇಂಗೆ ಕಟ್ಟಿದ್ರೆ ಆಗಾಕಿಲ್ವಾ ಅಕ್ಕಯ್ಯ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಪುಲ್ಲಿಗಳಿಗೆ ಸುತ್ತಿ ಬಿಗಿದು ಕಟ್ಟಿದೆವು. ಒಂದು ಫರ್ಲಾಂಗು ಹೋಗುವುದರೊಳಗೆ ಗಂಟು ಸಿಕ್ಕಿಕೊಂಡು ವಸ್ತ್ರ ಚಿಂದಿಯಾಯಿತು. ವಸ್ತ್ರವಿಲ್ಲದೆ ಅರ್ಧ ಮೈಲಿ ಓಡಿಸಿದೆ. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಬಂತು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ನಿಲ್ಲಿಸಿದೆ. ಸುತ್ತ ಜಾಲಿ, ಬಂಡೆ, ಬಿಸಿಲು. ನೀರಿಗೆ ಒಂದು ಮನೆಯೂ ಕಾಣಲಿಲ್ಲ.

ಹಿಂದಿನ ಸೀಟಿನಲ್ಲಿ ಅಜ್ಜಿ ಮಗುವಿನ ಬೆನ್ನು ಸವರುತ್ತ ಕೂತಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ರಸ್ತೆಯ ನಡುವೆ ನಿಂತು ಎರಡೂ ದಿಕ್ಕು ನೋಡುತ್ತಿದ್ದರು. ಐದು ನಿಮಿಷಕ್ಕೊಮ್ಮೆ ಬಂದು, "ಕೇಳಿ ನೋಡು, ಕಮ್ಮಿಯಾಯ್ತಾ?" ಅನ್ನುತ್ತಿದ್ದರು. ಸ್ವಲ್ಪ ಕಮ್ಮಿ ಅನ್ನುತ್ತಿದ್ದೆ. ನಿಜವಾಗಿ ಕಮ್ಮಿಯಾಗಿತ್ತೋ, ನಾನೇ ಹಾಗೆ ಬಯಸುತ್ತಿದ್ದೆನೋ, ಈಗಲೂ ಹೇಳಲಾರೆ.

ಬಸ್ಸು ಬಂದಾಗ ಒಂದೂವರೆ ಗಂಟೆ ಕಳೆದಿತ್ತು. ಟಾಪಿನ ಮೇಲೂ ಜನ. ಡ್ರೈವರಿಗೆ ಅಪ್ಪನ ಗುರುತಿತ್ತು. "ದಾವ ಬುಡ್ರಪ್ಪಾ, ದಾರಿ ಬುಡ್ರಿ, ಮಗೀಗೆ ಉಸ್ರು ಕಟ್ತಾ ಐತೆ" ಎಂದು ಕೂಗಿ ಮುಂದಿನ ಸೀಟು ಖಾಲಿ ಮಾಡಿಸಿದ. ಅಜ್ಜಿ ಮೊಮ್ಮಗಳು ಹತ್ತಿದರು, ಕುರಿಗಾರ ಹತ್ತಿದ, ಅಪ್ಪ ಹತ್ತಿದರು. ಕಾರು ಕಾಯಲು ನಾನೊಬ್ಬಳೇ ಉಳಿದೆ. ಬಸ್ಸಿನ ಧೂಳು ಇಳಿದ ಮೇಲೆ ಹೊಂಗೆ ಮರದ ಕೆಳಗೆ ಕೂತು ಅತ್ತೆ.

ಅಪ್ಪ ಮಧ್ಯಾಹ್ನ ಮೂರರ ಬಸ್ಸಿನಲ್ಲಿ ವಾಪಸು ಬಂದರು. ಮಗು ಆಸ್ಪತ್ರೆಯಲ್ಲಿ ನಿದ್ದೆ ಮಾಡುತ್ತಿದೆ, ಅಲ್ಲಿಯ ಡಾಕ್ಟರು ಒಳ್ಳೆಯ ಹುಡುಗ, ಮಗು ಉಳಿಯುತ್ತೆ ಎಂದರು. ಪಾವಗಡದಲ್ಲಿ ಬೆಲ್ಟು ಸಿಗಲಿಲ್ಲವಂತೆ. ಕಾರನ್ನು ಅಲ್ಲೇ ಬೀಗ ಹಾಕಿ ಬಿಟ್ಟು ಅದೇ ಬಸ್ಸಿನಲ್ಲಿ ಮಧುಗಿರಿಗೆ ಹೊರಟೆವು. ನಾವು ಹೇಳಿ ಕಳಿಸಿದ್ದಕ್ಕೆ ಎರಡು ದಿನ ಬಿಟ್ಟು ಶಿರಾದ ಸಾಬರೇ ಹೊಸ ಬೆಲ್ಟಿನೊಂದಿಗೆ ಬಂದು ಹಾಕಿಕೊಟ್ಟರು.

ಆ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮಿಡಿಗೇಶಿಯಲ್ಲಿ ಜನ ಇಳಿಯುವಾಗ ನನ್ನ ಕಡೆ ತಿರುಗಿದರು.

"ಹೋದ ಚಳಿಗಾಲ ಎಷ್ಟು ಮಕ್ಕಳ ಎದೆ ಚೆನ್ನಾಗಿದೆ ಅಂತ ಹೇಳಿ ಕಳಿಸಿದ್ದೀನೋ."

ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಮಾರನೆಯ ದಿನದಿಂದ ಅಪ್ಪ ಷಾಪಿನ ಹಳೆಯ ಪುಸ್ತಕಗಳನ್ನು ತೆಗೆದು, ಎರಡು ವರ್ಷದಲ್ಲಿ ಕೆಮ್ಮು ಉಬ್ಬಸ ಎಂದು ಬಂದಿದ್ದ ಮಕ್ಕಳ ಮನೆಗಳನ್ನು ಗುರುತು ಹಾಕಿದರು. ಗಾಯ, ಜ್ವರ, ಹೊಟ್ಟೆನೋವುಗಳನ್ನು ಮಾತ್ರ ಇಟ್ಟುಕೊಂಡು, ಎದೆಯ ಕಾಯಿಲೆಯವರನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸತೊಡಗಿದರು. ಗುರುತು ಹಾಕಿದ ಮನೆಗಳಿಗೆ ನಾನೇ ಕರೆದುಕೊಂಡು ಹೋದೆ. ಅಪ್ಪ ಒಳಗೆ ಹೋಗಿ, "ನನ್ನ ಕಿವಿ ಸರಿಯಿಲ್ಲ, ಆಗ ನಾನು ಹೇಳಿದ್ದು ತಪ್ಪಿರಬಹುದು, ಮಗುವನ್ನು ಇನ್ನೊಬ್ಬರಿಗೆ ತೋರಿಸಿ" ಎಂದು ಹೇಳಿ ಬರುತ್ತಿದ್ದರು. ಬಹಳ ಜನ ನಕ್ಕು, ಮಗು ಆಟಕ್ಕೆ ಹೋಗಿದೆ ಎಂದು ಕಾಫಿ ಕೊಟ್ಟು ಕಳಿಸಿದರು. ಒಬ್ಬಾಕೆ ಮಾತ್ರ ಬಾಗಿಲಲ್ಲೇ ನಿಲ್ಲಿಸಿ, ಒಳಗೆ ಬನ್ನಿ ಅನ್ನದೆ ಕೇಳಿಸಿಕೊಂಡಳು.

ಕೊರಟಗೆರೆಯ ಒಂದು ಮನೆಗೆ ಬೀಗ ಹಾಕಿತ್ತು. ಬಾಡಿಗೆಗೆ ಇದ್ದವರು, ಹೋದ ಮಾಗಿಯಲ್ಲೇ ಖಾಲಿ ಮಾಡಿದರು, ಎಲ್ಲಿಗೆ ಹೋದರೋ ತಿಳಿಯದು ಎಂದರು ಪಕ್ಕದವರು. ಅವರ ಮಗು ಹೇಗಿತ್ತು ಎಂದು ಅಪ್ಪ ಕೇಳಿದರು. ಪಕ್ಕದವರಿಗೆ ನೆನಪಿರಲಿಲ್ಲ. ಆಮೇಲೂ ಎರಡು ಮೂರು ಭಾನುವಾರ ಅಪ್ಪ ಆ ಬೀದಿಗೆ ಹೋಗೋಣ ಎಂದರು. ನಾನು ಕರೆದುಕೊಂಡು ಹೋಗುತ್ತಿದ್ದೆ. ಆ ಮನೆಗೆ ಬೇರೆಯವರು ಬಂದು, ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ ಮೇಲೆ ಅಪ್ಪ ಮತ್ತೆ ಕೇಳಲಿಲ್ಲ.