ಅಪ್ಪನನ್ನು ಕರೆದುಕೊಂಡು ಬಾ

ಹಂಪಿ ಬಜಾರ್‌ನಲ್ಲಿ ಮೋಮೊ ಮಾರುವ ಮಾಯಾ ಊರಿಗೆ ಹೋಗಿದ್ದವಳು ಮೊನ್ನೆ ವಾಪಸ್ ಬಂದಳು. ಮುಖ ನೋಡಬೇಕಿತ್ತು! ಹಿಟ್ಟು ನಾದುತ್ತಿದ್ದಳೋ, ಯಾರನ್ನೋ ಗುದ್ದುತ್ತಿದ್ದಳೋ ಗೊತ್ತಾಗಲಿಲ್ಲ.

ಅವಳ ಊರು ನೇಪಾಳ. ಅಲ್ಲಿ ಸರ್ಕಾರಕ್ಕೂ ಬಂಡುಕೋರರಿಗೂ ವರ್ಷಗಟ್ಟಲೆ ಹೊಡೆದಾಟ ನಡೆದಾಗ, ಬಂದೂಕು ಹಿಡಿದವರು ಅವಳ ಗಂಡನನ್ನು ಮನೆಯಿಂದ ಕರೆದೊಯ್ದರು. ಆಮೇಲೆ ಅವನ ಸುದ್ದಿಯೇ ಇಲ್ಲ. ಕೇಳಿದರೆ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು. ಈಗ ಶಾಂತಿ ಒಪ್ಪಂದವಾಗಿದೆ. ಇಬ್ಬರೂ ಕೈಕುಲುಕಿ ಫೋಟೊ ತೆಗೆಸಿಕೊಂಡು ಒಂದೇ ಸರ್ಕಾರದಲ್ಲಿ ಕೂತಿದ್ದಾರೆ. ಪೌರತ್ವ ಇಲ್ಲದವರಿಗೆಲ್ಲ ಪೌರತ್ವ, ತಾಯಿಯ ಹೆಸರಲ್ಲೂ ಸಿಗುತ್ತದೆ ಎಂದು ಭಾಷಣ. (ಭಾಷಣಕ್ಕೆ ಯಾವ ದೇಶದಲ್ಲಿ ಬರ?)

ಮಗಳು ಸರಿತಾಗೆ ನರ್ಸಿಂಗ್ ಓದುವ ಆಸೆ. ಪೌರತ್ವದ ಕಾಗದವಿಲ್ಲದೆ ಅಲ್ಲಿ ಸೀಟಿಲ್ಲ. ಭಾಷಣ ನಂಬಿ ತಾಯಿ, ಮಗಳು ಕಚೇರಿಗೆ ಹೋದರು. ಸಾಹೇಬರು ಮಾಯಾಳ ಬೈತಲೆಯ ಸಿಂಧೂರ, ಕೆಂಪು ಬಳೆ ನೋಡಿ, "ಗಂಡ ಇದ್ದಾನಲ್ಲ, ಕರೆದುಕೊಂಡು ಬಾ" ಎಂದರಂತೆ. ಕಾಣೆಯಾದವನು ಸತ್ತ ಎಂದು ಖಾತ್ರಿಯಾಗುವ ತನಕ ಹೆಂಡತಿ ಸಿಂಧೂರ ಅಳಿಸುವುದಿಲ್ಲ. ಅದೇ ಊರಿನ ಆ ಮಹಾನುಭಾವರಿಗೆ ಇಷ್ಟೂ ಗೊತ್ತಿಲ್ಲವೇ?

ಅವಳು ಇದನ್ನೆಲ್ಲ ಹೇಳುವಾಗ ನನ್ನ ಜೊತೆ ಗೆಳೆಯ ಪಂಪಣ್ಣ ಇದ್ದ. ಸಂಡೂರಿನಿಂದ ಅದಿರು ಸಾಗಿಸುವ ಲಾರಿಗಳ ಮಾಲೀಕ. ಎಲ್ಲದಕ್ಕೂ ಅವನ ಬಳಿ ಶಾರ್ಟ್‌ಕಟ್ ಉಂಟು.

"ಅದಕ್ಯಾಕ ಇಷ್ಟು ತಲಿ ಕೆಡಿಸ್ಕೊಂತಿ ಮಾಯಕ್ಕಾ? ಕುಂಕುಮ ಒರಸಿಬಿಡು. ಸತ್ತಾನಂತ ಬರ್ಕೊಡು. ಜಲ್ದಿ ಕೆಲ್ಸ ಆಗ್ತೈತಿ."

ಮಾಯಾ ಲಟ್ಟಣಿಗೆ ಕೆಳಗಿಟ್ಟಳು. ಇಲ್ಲೇ ಕಲಿತ ಕನ್ನಡ ಅವಳದು. "ನಾಳಿ ಅಂವ ಬಂದು ಬಾಗ್ಲಾಗ ನಿಂತ್ರ ಏನ್ ಹೇಳ್ಲಿ ಅಣ್ಣಾ? ಕಾಗದದಾಗ ನಾನ ನಿನ್ನ ಕೊಂದೀನಿ ಅನ್ಲೇನು?"

ಸರಿತಾ ಹಿಂದೆ ತಟ್ಟೆ ತೊಳೆಯುತ್ತಿದ್ದಳು. ಇನ್ನು ಅವಳಿಗೆ ಇದೇ ಕೆಲಸವಂತೆ.

ನನಗೆ ಮೈಯೆಲ್ಲ ಉರಿಯಿತು. ಪಂಪಣ್ಣನ ಲಾರಿ ಹತ್ತಿದ ಕೆಂಪು ಮಣ್ಣು ಬಂದರು ದಾಟಿ ಸೀದಾ ಚೀನಾ ಸೇರುತ್ತದೆ. ನಿನ್ನಪ್ಪ ಯಾರು ಎಂದು ಅದನ್ನು ಯಾವ ಸಾಹೇಬನೂ ಕೇಳುವುದಿಲ್ಲ. ಹುಟ್ಟಿದ ನೆಲದಲ್ಲೇ ಒಂದು ಹುಡುಗಿಗೆ ಮಾತ್ರ ಅಪ್ಪನನ್ನು ಹಾಜರುಪಡಿಸು ಎನ್ನುತ್ತಾರೆ. ಥೂ! ಒಪ್ಪಂದವಂತೆ, ಸುಧಾರಣೆಯಂತೆ!

ಕರೆದೊಯ್ದವರೇ ಈಗ ಕರೆದುಕೊಂಡು ಬಾ ಎನ್ನುತ್ತಿದ್ದಾರಲ್ಲ, ಕರೆದೊಯ್ದದ್ದು ಎಲ್ಲಿಗೆ ಅಂತ ಮೊದಲು ಹೇಳಬಾರದೇ?